ಮೊಳೆ ಎಣಿಸಿ ಮುಖ ತೆಗೆದವರು

ಕಳೆದ ತಿಂಗಳು ಬೀದರಿನಲ್ಲಿ ನಮ್ಮ ಡ್ರಾಯಿಂಗ್ ಸರ್‌ಗೆ ಶ್ರದ್ಧಾಂಜಲಿ ಸಭೆ ನಡೆಯಿತು. ಐದು ಜನ ಮಾತಾಡಿದರು. ಐವರೂ ಅವರನ್ನು ಶಾಂತಸ್ವಭಾವದವರು, ಮಿತಭಾಷಿ, ಅಜಾತಶತ್ರು ಎಂದರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ನನಗೆ ಮೈ ಉರಿಯಿತು. ಭಾಲ್ಕಿಯ ನಮ್ಮ ಹೈಸ್ಕೂಲಿನಲ್ಲಿ ಅವರು ಗುರಿಯಿಟ್ಟು ಎಸೆದ ಸೀಮೆಸುಣ್ಣದ ಚೂರು ತಗಲದ ತಲೆ ಒಂದಾದರೂ ಇತ್ತೇ? ಮಿತಭಾಷಿಯಂತೆ! ಚಹಾದಂಗಡಿಯಲ್ಲಿ ಅವರು ಒಮ್ಮೆ ಬಾಯಿ ತೆರೆದರೆ ಮುಚ್ಚುವುದರೊಳಗೆ ಎರಡು ಬಸ್ಸು ಬಂದು ಹೋಗುತ್ತಿದ್ದವು. ಆ ಭಾಷಣಗಳನ್ನು ಅವರೇ ಕೇಳಿದ್ದರೆ, "ಇದು ಯಾರ ಚಿತ್ರರಿ? ಹೋಲಂಗಿಲ್ಲ" ಎಂದು ಎದ್ದು ಹೋಗುತ್ತಿದ್ದರು.

ಹೋಲಬೇಕು ಎನ್ನುವುದೇ ಅವರ ಧರ್ಮ. ಚೆಂದ ಇರಬೇಕೆಂದಿಲ್ಲ, ಹೋಲಬೇಕು. ಹೀಗಾಗಿ ನಾನು ಬರೆಯುವುದು ಅಷ್ಟೇನೂ ಚೆಂದ ಆಗದಿದ್ದರೂ ಅಡ್ಡಿಯಿಲ್ಲ.

ನಾನು ಖಟಕ ಚಿಂಚೋಳಿಯಿಂದ ದಿನಾ ಬಸ್ಸಿನಲ್ಲಿ ಭಾಲ್ಕಿಗೆ ಹೋಗಿ ಕಲಿತವಳು. ಎಂಟನೆಯ ತರಗತಿಯಲ್ಲಿ ಸರ್ ಮೇಜಿನ ಮೇಲೆ ಒಂದು ಮಾವಿನಕಾಯಿ ಇಟ್ಟು ಬಿಡಿಸಲು ಹೇಳಿದರು. ನನ್ನ ಹಾಳೆಯನ್ನು ಎತ್ತಿ ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು.

"ಬೇಟಾ, ಇದು ಚಪ್ಪಲಿ. ಚಲೋ ಚಪ್ಪಲಿ ಅದ. ಆದ್ರ ನಾ ಕೇಳಿದ್ದು ಮಾವಿನಕಾಯಿ."

ತರಗತಿಗೆ ತರಗತಿಯೇ ನಕ್ಕಿತು. ನಾನು ಅಳುವ ಹೊತ್ತಿಗೆ ಅವರು ದನಿ ತಗ್ಗಿಸಿ ಹೇಳಿದರು: "ನಿನ್ನ ಕೈಯಾಗ ಚಿತ್ರ ಇಲ್ಲ, ಬಿಡು. ಇನ್ನ ನನ್ನ ಪಿರಿಯಡ್ಡಿನಾಗ ಹಿಂದ ಕುಂತು ಗಣಿತ ಮಾಡು. ಹೆಡ್‌ಮಾಸ್ತರ ಬಂದ್ರ ಕಣ್ಣಿನ ಮುಂದ ಪೆನ್ಸಿಲ್ ಹಿಡಿದು, ಅಳತಿ ತೊಗೊಳ್ಳತ್ತೀನಿ ಅನ್ನು."

ಶಾಲೆಯ ಹೊರಗೆ ಸರ್ ಸತ್ತವರ ಚಿತ್ರ ತೆಗೆಯುತ್ತಿದ್ದರು. ಭಾಲ್ಕಿ, ಔರಾದ ಕಡೆಯ ಹಳ್ಳಿಗಳಲ್ಲಿ ಆಗ ಹಿರಿಯರು ಫೋಟೋ ತೆಗೆಸಿಕೊಂಡದ್ದೇ ಕಡಿಮೆ. ಅವರು ಹೋದ ಮೇಲೆ ಮಕ್ಕಳು ಯಾವುದೋ ಮದುವೆಯ ಫೋಟೋ ತಂದು, ಮೂರನೆಯ ಸಾಲಿನಲ್ಲಿ ಕಡಲೆಕಾಳಿನಷ್ಟು ಕಾಣುವ ಮುಖದ ಮೇಲೆ ಬೆರಳಿಟ್ಟು "ಇವ್ರೇ ನೋಡ್ರಿ ನಮ್ಮಪ್ಪ" ಎನ್ನುತ್ತಿದ್ದರು. ಸರ್ ಆ ಮುಖದ ಮೇಲೆ ಸಣ್ಣ ಚೌಕಗಳನ್ನೂ ದೊಡ್ಡ ಹಾಳೆಯ ಮೇಲೆ ದೊಡ್ಡ ಚೌಕಗಳನ್ನೂ ಎಳೆದು, ಒಂದೊಂದೇ ಚೌಕ ದಾಟಿಸುತ್ತ ಬರುತ್ತಿದ್ದರು. ಎಷ್ಟಕ್ಕೆ ಎಷ್ಟು ಎಂಬ ಲೆಕ್ಕ ಅವರಿಗೆ ಬೇಸರ. ಅದನ್ನು ಹಿಂದಿನ ಬೆಂಚಿನ ನನಗೆ ಒಪ್ಪಿಸಿದರು. ನನ್ನ ಲೆಕ್ಕದ ಮೇಲೆ ಯಾರದೋ ಅಜ್ಜನ ಮೀಸೆ ಸರಿಯಾದ ಜಾಗದಲ್ಲಿ ಬಂದು ಕೂತಾಗ ನನಗಾದ ಹಿಗ್ಗು ಅಷ್ಟಿಷ್ಟಲ್ಲ. ಗಣಿತ ಉಪಯೋಗಕ್ಕೆ ಬರುತ್ತದೆಂದು ಹೇಳಿದವರು ಬಹಳ ಮಂದಿ. ಉಪಯೋಗಿಸಿ ತೋರಿಸಿದವರು ಗಣಿತ ಬಾರದ ಇವರೊಬ್ಬರೇ.

ಹತ್ತನೆಯ ತರಗತಿ ಮುಗಿದಾಗ ಅಪ್ಪ ಇಷ್ಟು ಸಾಕು ಎಂದಿದ್ದರು. ಒಂದು ರವಿವಾರ ಸರ್ ಬಸ್ ಹಿಡಿದು ನಮ್ಮ ಮನೆಗೆ ಬಂದರು. ರೊಟ್ಟಿ, ಪುಂಡಿಪಲ್ಯ ಗಡದ್ದಾಗಿ ಉಂಡು, ಕೈ ತೊಳೆಯುತ್ತ ಅಪ್ಪನಿಗೆ ಹೇಳಿದರು: "ಅಣ್ಣಾರ, ನಿಮ್ಮ ಹುಡುಗಿಗಿ ಚಪ್ಪಲಿ ಯಾವುದು ಮಾವಿನಕಾಯಿ ಯಾವುದು ತಿಳಿಯಂಗಿಲ್ಲ. ಆದ್ರ ಲೆಕ್ಕದಾಗ ಆಕಿನ್ನ ಹಿಡಿಯೋರು ನಮ್ಮ ಸಾಲ್ಯಾಗ ಯಾರೂ ಇಲ್ಲ. ಮನ್ಯಾಗ ಕುಂಡ್ರಿಸ್ಕೊಂಡು ಏನ್ ಮಾಡ್ತೀರಿ? ಆಕಿಗಿ ರೊಟ್ಟಿನೂ ದುಂಡಗ ಬರ್ಲಿಕ್ಕಿಲ್ಲ."

ಅವ್ವ ಒಳಗಿನಿಂದ "ಖರೇ ಅದರಿ" ಎಂದಳು. ಅಪ್ಪ ನಕ್ಕುಬಿಟ್ಟರು. ನಕ್ಕವರು ಮುಂದೆ ಬೇಡವೆನ್ನಲಿಲ್ಲ. ಇವತ್ತು ನಾನು ಬೀದರಿನ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದರೆ ಅದರ ಬುನಾದಿಯಲ್ಲಿ ಆ ರವಿವಾರದ ಊಟವಿದೆ.

ನಿವೃತ್ತರಾದ ಮೇಲೆ ಸರ್ ಬೀದರಿಗೇ ಬಂದು ನಮ್ಮ ಮನೆಯಿಂದ ಎರಡು ಗಲ್ಲಿ ಆಚೆ ನೆಲೆಸಿದರು. ಸಕ್ಕರೆ ಕಾಯಿಲೆ ಮೊದಲು ಅವರ ಎಡಗಣ್ಣು ತೆಗೆದುಕೊಂಡಿತು, ವರ್ಷ ಒಪ್ಪತ್ತಿನಲ್ಲಿ ಬಲಗಣ್ಣನ್ನೂ. ನಾನು ನೋಡಲು ಹೋದಾಗ ಅವರು ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದರು. ನಾವೆಲ್ಲ ಕಾಕು ಎಂದು ಕರೆಯುತ್ತಿದ್ದ ಅವರ ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದರು: "ದಿನಕ್ಕ ನಾಕು ಮಾತು ಆಡಿದ್ರ ಹೆಚ್ಚು ನೋಡವ್ವ. ಬ್ರಷ್ಷು, ಬಣ್ಣ ಎಲ್ಲ ಗಂಟು ಕಟ್ಟಿಸಿ ಯಾರಿಗರೆ ಕೊಟ್ಟುಬಿಡು ಅಂದ್ರು. ಐದು ತಿಂಗಳಾಯ್ತು, ಹಿಂಗೇ ಕುಂತಾರ." ಆ ಮನೆಯಲ್ಲಿ ಅಷ್ಟು ಮೌನ ನಾನು ಎಂದೂ ಕಂಡಿರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಯಿತು.

ಆ ವರ್ಷ ನಮ್ಮ ಕಾಲೇಜಿನ ವಿದ್ಯಾರ್ಥಿಯೊಬ್ಬ ಬಣ್ಣದ ದಾರದಿಂದ ಮುಖ ಮೂಡಿಸುವ ಒಂದು ಪ್ರೋಗ್ರಾಂ ತೋರಿಸಿದ್ದ. ನಾನು ಅದನ್ನೇ ತಿದ್ದಿ ತೀಡಿ ನನ್ನದೊಂದು ಬರೆದಿದ್ದೆ. ಸರ್ ಮುಂದೆ ಕುಳಿತು, ಕೇಳುತ್ತಾರೋ ಇಲ್ಲವೋ ಎಂದು ನೋಡದೆ ವಿವರಿಸಿದೆ. ಕಟ್ಟಿಗೆಯ ದುಂಡನೆಯ ಬಳೆ. ಅದರ ಹೊರ ಅಂಚಿನ ಸುತ್ತ ಇನ್ನೂರಾ ನಲವತ್ತು ಮೊಳೆ. ದಾರ ಒಂದು ಮೊಳೆಯಿಂದ ಎದುರಿನ ಇನ್ನೊಂದಕ್ಕೆ ನೇರ ಹೋಗುತ್ತದೆ. ನಿಂತ ಮೊಳೆಯಿಂದ ಎಳೆಯಬಹುದಾದ ಎಲ್ಲ ಗೆರೆಗಳನ್ನೂ ಕಂಪ್ಯೂಟರ್ ಫೋಟೋದ ಮೇಲೆ ಇಟ್ಟು ನೋಡಿ, ಎಲ್ಲಕ್ಕಿಂತ ಹೆಚ್ಚು ಕಪ್ಪಿನ ಮೇಲೆ ಹಾಯುವುದನ್ನು ಆರಿಸುತ್ತದೆ. ಅಷ್ಟು ಕಪ್ಪು ತೀರಿತೆಂದು ಕಳೆದು, ಅಲ್ಲಿಂದ ಮುಂದಿನ ಮೊಳೆ ಹುಡುಕುತ್ತದೆ. ಹೀಗೆ ಸಾವಿರಾರು ಸಲ. ಕಪ್ಪು ದಾರಕ್ಕೊಂದು ಪಟ್ಟಿ, ಕೆಂಪಿಗೊಂದು, ಹಳದಿಗೊಂದು. ಗೆರೆಗಳು ಒತ್ತಾದ ಕಡೆ ನೆರಳು, ತೆಳುವಾದ ಕಡೆ ಬೆಳಕು, ಕೊನೆಗೆ ಮುಖ.

ಸರ್ ಗೋಡೆಯಿಂದ ಈಚೆ ತಿರುಗಿದರು.

"ಇದರಾಗ ಹೊಸಾದೇನದ? ಮೊದಲ ಎಲ್ಲಿ ಗಟ್ಟಿ ಕಪ್ಪದ ನೋಡು, ಅಲ್ಲಿ ಕೈ ಹಾಕು, ಆಮ್ಯಾಲ ಉಳದದ್ದು ನೋಡು. ಜಿಂದಗಿ ತುಂಬ ನಾ ಮಾಡಿದ್ದು ಅದೇ. ನಿನ್ನ ಕಂಪ್ಯೂಟರ್ ನನ್ನ ಕಡಿ ಕಲ್ತದೇನು?"

"ಇದಕ್ಕ ಕಣ್ಣು ಬ್ಯಾಡ್ರಿ ಸರ್. ಮೊಳಿ ನಂಬರ್ ಗೊತ್ತಿದ್ರ ಸಾಕು."

ಸರ್ ಹೆಬ್ಬೆರಳಿಗೆ ತೋರುಬೆರಳು ತಿಕ್ಕಿ ನೋಡಿದರು. ಆಮೇಲೆ ಕೇಳಿದರು: "ಮೊಳಿ ಎಷ್ಟು ದಪ್ಪ?"

ಅಡುಗೆಮನೆಯಲ್ಲಿ ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡರು.

ಬಡಗಿಯ ಕೈಯಲ್ಲಿ ಬಳೆ ಮಾಡಿಸಿದೆವು. ಮೊಳೆಗಳಿಗೆ ನಂಬರ್ ಗೊತ್ತು ಮಾಡಿದವರು ಸರ್ ಅವರೇ. ಮೇಲಿನ ಮೊಳೆಗೆ ಒಂದು ಮಣಿ ಪೋಣಿಸಿದರು, ಅದು ಒಂದನೆಯ ಮೊಳೆ. ಅಲ್ಲಿಂದ ಪ್ರತಿ ಹತ್ತನೆಯ ಮೊಳೆಯನ್ನು ತುಸು ಎತ್ತರ ಉಳಿಸಿದರು, ಬೆರಳಿಗೆ ಸಿಗಲೆಂದು. "ಮುಖದ ಸುತ್ತ ಹೋಗೋದದ. ಬಲಕ್ಕೇ ಹೋಗ್ಬೇಕು" ಎನ್ನುತ್ತ, ಗುಡಿ ಸುತ್ತಿದ ಹಾಗೆ ಬಲಗಡೆಯಿಂದಲೇ ಸುತ್ತು ಬಂದರು. ನಾನು ಪಕ್ಕದಲ್ಲೇ ಕುಳಿತು ನೋಡುತ್ತಿದ್ದೆ.

ಚೌಬಾರಾ ಗೋಪುರದ ಹತ್ತಿರದ ಅಂಗಡಿಯಿಂದ ದಾರದ ರೀಲುಗಳು ಬಂದವು. ನಾನು ದೊಡ್ಡ ಅಕ್ಷರದಲ್ಲಿ ನಂಬರ್ ಪಟ್ಟಿ ಅಚ್ಚು ಹಾಕಿ ಕೊಡುತ್ತಿದ್ದೆ. ಕಾಕು ಕನ್ನಡಕ ಏರಿಸಿ ಓದುತ್ತಿದ್ದರು. ಸರ್ ಬೆರಳಲ್ಲಿ ಹತ್ತು, ಇಪ್ಪತ್ತು ಎಣಿಸಿ ಮೊಳೆ ಹಿಡಿದು ದಾರ ಸುತ್ತುತ್ತಿದ್ದರು. ಕಾಕು ಮರಾಠಿ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಕಲಿತವರು. ಒಲೆಯ ಮೇಲೆ ಹಾಲಿಟ್ಟ ಅವಸರದಲ್ಲಿ ಅವರ ಎಣಿಕೆ ಮರಾಠಿಗೆ ಜಾರುತ್ತಿತ್ತು. ಸರ್ ಆ ಮೊಳೆಗೂ ಸರಿಯಾಗಿಯೇ ಹೋಗಿ, "ಹಾಲು ಉಕ್ಕಿದ್ರ ಉಕ್ಕಲಿ, ನೀ ಮುಂದಿನ ನಂಬರ್ ಹೇಳು" ಎಂದು ಗದರುತ್ತಿದ್ದರು. ಅವರ ಗದರಿಕೆ ಮರಳಿ ಬಂದದ್ದಕ್ಕೆ ಕಾಕುಗೆ ಎಷ್ಟು ಸಂತೋಷವಾಗಿತ್ತೆಂದರೆ ಹಾಲು ಬೇಕೆಂದೇ ಉಕ್ಕಿಸುತ್ತಿದ್ದರೇನೋ ಎಂದು ನನಗೆ ಗುಮಾನಿ.

ಮೊದಲು ಮಾಡಿದ್ದು ಬುದ್ಧನ ಮುಖ, ಮೆಹಕರದಿಂದ ಬಂದು ಬೀದರಿನಲ್ಲಿ ನೌಕರಿಗಿದ್ದ ಒಬ್ಬ ಹಳೆಯ ವಿದ್ಯಾರ್ಥಿಯ ಮನೆಗೆ. ನೇರ ನೋಟದ, ಎಡಬಲ ಒಂದೇ ಸಮ ಇರುವ ಆ ಶಾಂತ ಮುಖ ನೋಡಿ ಬಂದವರೆಲ್ಲ ಬೆರಗಾದರು. ಅಲ್ಲಿ ಅದನ್ನು ಕಂಡು ಔರಾದಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಹೆಣ್ಣುಮಗಳೊಬ್ಬರು ಸರ್ ಮನೆ ಹುಡುಕಿಕೊಂಡು ಬಂದರು. ಅವರ ತವರು ಚಿಂತಾಕಿ. ತಾಯಿ ತೀರಿ ವರ್ಷವಾಗುತ್ತ ಬಂದಿತ್ತು; ಪುಣ್ಯಸ್ಮರಣೆಗೆ ಚಿತ್ರ ಬೇಕಿತ್ತು. ಫೋಟೋದಲ್ಲಿ ತಲೆಯ ಮೇಲೆ ಸೆರಗು, ಮೂಗಿನಲ್ಲಿ ದೊಡ್ಡ ನತ್ತು, ಒಂದು ಕಣ್ಣು ಇನ್ನೊಂದಕ್ಕಿಂತ ಕೊಂಚ ಸಣ್ಣದು.

"ಸಿಸ್ಟರ್, ನಾ ಕಣ್ಣಿಲ್ದಾಂವ. ತಿಳಿದೇ ಕೊಡ್ಲತ್ತೀರೇನು?" ಎಂದು ಸರ್ ಕೇಳಿದರು.

"ತಿಳಿದೇ ಕೊಡ್ಲತ್ತೀನ್ರಿ ಸರ್."

ಅವರು ಹೋದ ಮೇಲೆ ಸರ್ ನನಗೆ ಹೇಳಿದರು: "ಬುದ್ಧನ ಮುಖ ಜರಾ ಹೆಚ್ಚು ಕಡಿಮಿ ಆದ್ರೂ ಮಂದಿ ಕೈ ಮುಗಿತಾರ ಬೇಟಾ. ಇದು ಹಂಗಲ್ಲ. ಮಕ್ಕಳು ನೋಡಿದ ಮುಖ ಇದು. ಇದು ಹೋಲಲಿಲ್ಲಂದ್ರ ನಾ ಮತ್ತ ದಾರ ಮುಟ್ಟಂಗಿಲ್ಲ." ಅವರು ಹೇಳಿದ ಮೇಲೆ ಹೇಳಿದ್ದೇ. ಮತ್ತೆ ಆ ಗೋಡೆ, ಮತ್ತೆ ಆ ಮೌನ. ನಾನು ನಂಬರುಗಳನ್ನು ಎರಡೆರಡು ಸಲ ತಾಳೆ ನೋಡಿದೆ.

ಇಪ್ಪತ್ತೆರಡು ದಿನ ಸುತ್ತಿದರು. ಕಪ್ಪು, ಕಂದು, ಸೀರೆಗೆ ಕೆಂಪು, ಕೊನೆಗೆ ನತ್ತಿಗೆ ಹಳದಿ. ಬಳೆಯ ಹಿಂದೆ ಬಿಳಿ ಬಣ್ಣದ ಹಲಗೆಯನ್ನು ನಾಲ್ಕು ಸ್ಕ್ರೂ ಹಾಕಿ ಕೂರಿಸಿದೆವು. ಅದನ್ನು ಚಾದರದಲ್ಲಿ ಸುತ್ತಿ, ಸರ್ ಕೈ ಹಿಡಿದು, ಔರಾದಿನಲ್ಲಿ ಬಸ್ ಬದಲಿಸಿ ಚಿಂತಾಕಿ ಮುಟ್ಟಿದೆ.

ಮನೆ ತುಂಬ ನೆಂಟರು. ಚಾದರ ತೆಗೆದಾಗ "ಅಬಬಬ" ಎಂಬ ಉದ್ಗಾರ ಬಂತು. ಸರ್ ಮುಖ ಅರಳಿತು. ಆದರೆ ಮಗಳು ಹತ್ತಿರ ಬಂದು ನೋಡಿದವರು ಹಾಗೇ ನಿಂತರು.

"ಅವ್ವ ಹೌದು… ಆದ್ರ ಅವ್ವ ಅಲ್ಲ."

ಅವರ ಅಣ್ಣ ಒಳಗಿನಿಂದ ಫೋಟೋ ತಂದು ಪಕ್ಕಕ್ಕೆ ಹಿಡಿದರು. "ನತ್ತು ನೋಡ್ರಿ. ನಮ್ಮ ಮಂದಿ ಎಡಕ್ಕ ಚುಚ್ಚಸ್ತಾರ. ಇಲ್ಲಿ ಬಲಕ್ಕ ಕುಂತದ. ಕಣ್ಣಿಲ್ದವರ ಕೈಗಿ ಕೊಟ್ರ ಮತ್ತೇನಾಗ್ತದರಿ?"

ಮರಾಠಿ ಕಡೆಯವರದು ಎಡ ಮೂಗು, ತೆಲಂಗಾಣದ ಕಡೆಯವರದು ಬಲ ಮೂಗು ಎಂದು ನಮ್ಮ ಗಡಿಯ ಊರುಗಳಲ್ಲಿ ಮೂಗು ನೋಡಿ ಬಳಗ ಹೇಳುವವರಿದ್ದಾರೆ. ತಾಯಿಯ ನತ್ತು ಬಲಕ್ಕೆ ಹೋದರೆ ಆಕೆ ಬೇರೆ ಯಾರದೋ ಮನೆಯ ಹೆಣ್ಣು. ನನಗೆ ಆ ಕ್ಷಣವೇ ಎಲ್ಲ ತಿಳಿಯಿತು. ಗಣಿತದಲ್ಲಿ ಕೋನ ಅಳೆಯುವುದು ಎಡಕ್ಕೆ ತಿರುಗುತ್ತ. ಅಭ್ಯಾಸಬಲದಿಂದ ನನ್ನ ಪ್ರೋಗ್ರಾಮಿನಲ್ಲಿ ಮೊಳೆಗಳನ್ನು ಎಡಕ್ಕೆ ಎಣಿಸಿದ್ದೆ. ಸರ್ ಬಲಕ್ಕೆ ಎಣಿಸಿದ್ದನ್ನು ಕಣ್ಣಾರೆ ನೋಡಿಯೂ ನನಗೆ ಹೊಳೆದಿರಲಿಲ್ಲ. ಬುದ್ಧನ ಮುಖ ಎರಡೂ ಕಡೆ ಒಂದೇ ಆದ್ದರಿಂದ ತಪ್ಪು ಅಡಗಿ ಕುಳಿತಿತ್ತು. ಇಡೀ ಮುಖ ಕನ್ನಡಿಯಲ್ಲಿ ಕಂಡಂತೆ ಅದಲುಬದಲಾಗಿತ್ತು, ಮತ್ತು ಅದು ನನ್ನ ತಪ್ಪು. ಹೇಳಬೇಕಿತ್ತು. ಅಷ್ಟು ಜನರ ಮುಂದೆ ಈ ಗಣಿತದ ಮೇಡಂ ನಾಲಿಗೆ ಏಳಲಿಲ್ಲ.

"ತಪ್ಪು ನಂದರಿ," ಎಂದು ಸರ್ ಕೈ ಮುಗಿದರು. ಮಾತು ಬಂದ ದಿಕ್ಕು ಸರಿಯಾಗಿ ತಿಳಿಯದೆ ಅವರು ಕೈ ಮುಗಿದದ್ದು ಕಂಬಕ್ಕೆ. ಆ ದೃಶ್ಯ ನೆನೆದರೆ ಇಂದಿಗೂ ನನಗೆ ನನ್ನ ಮೇಲೆ ಹೇಸಿಕೆ ಬರುತ್ತದೆ.

ಆಮೇಲೆ ಅವರು ಬಳೆಯ ಅಂಚು ಸವರುತ್ತ ಕೇಳಿದರು: "ನತ್ತು ಒಂದೇ ಏನ್ರಿ, ಕಣ್ಣೂ ಅದಲ ಬದಲ ಆಗ್ಯಾವ?"

"ಎಲ್ಲಾ ಆಗ್ಯದರಿ," ಎಂದರು ಮಗಳು.

"ಪೂರಾ?"

"ಪೂರಾ."

ಸರ್ ನಕ್ಕರು. "ಹಂಗಾದ್ರ ಸಲೀಸ ಆಯ್ತು. ಒಂದು ಸ್ಕ್ರೂಡ್ರೈವರ್ ತರ್ರಿ. ಹಿಂದಿನ ಹಲಗಿ ಬಿಚ್ಚಿ ಮುಂದಕ ಹಚ್ಚಿ, ಬಳಿ ತಿರುವಿ ಹಿಡೀರಿ. ಕಾಗದದ ಚಿತ್ರಕ್ಕ ಬೆನ್ನಿರಂಗಿಲ್ಲ, ದಾರಕ್ಕ ಅದ."

ಅಣ್ಣನೇ ಬಿಚ್ಚಿದರು. ಬಳೆ ತಿರುಗಿತು. ನತ್ತು ಎಡಕ್ಕೆ ಬಂತು, ಸಣ್ಣ ಕಣ್ಣು ತನ್ನ ಜಾಗಕ್ಕೆ ಬಂತು. ಮಗಳು "ಯವ್ವಾ" ಎಂದು ಕೂತುಬಿಟ್ಟರು. ಅಣ್ಣ ಬಂದು ಸರ್ ಕಾಲು ಮುಟ್ಟಿದರು. ಅಂದು ಸರ್ ಬೆಲ್ಲದ ಹುಗ್ಗಿಯನ್ನು ಮೂರು ಸಲ ಹಾಕಿಸಿಕೊಂಡರು. ಸಕ್ಕರೆ ಕಾಯಿಲೆಯ ನೆನಪು ಮಾಡಿದ ನನಗೆ, "ಸುಮ್ಮ ಉಣ್ಣು" ಎಂದರು.

ಮರಳುವಾಗ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. "ಸರ್, ತಪ್ಪು ನಂದರಿ. ನಂಬರ್ ಎಡಕ್ಕ ಎಣಿಸಿದ್ದೆ."

"ಗೊತ್ತದ."

"ಹ್ಯಾಂಗ್ರಿ?"

"ಕೈ ತಪ್ಪಿದ್ರ ಒಂದು ಮೊಳಿ ತಪ್ತದ, ಎರಡು ಮೊಳಿ ತಪ್ತದ. ಇಡೀ ಮುಖ ಹೊಳ್ಳಬೇಕಂದ್ರ ಲೆಕ್ಕದ್ದೇ ಕಸರತ್ತು ಬೇಕು. ಅಷ್ಟು ಅಚ್ಚುಕಟ್ಟಾದ ತಪ್ಪು ನನ್ನ ಕೈಲಿಂದ ಆಗಂಗಿಲ್ಲ."

"ಮತ್ತ ನಂದು ಅಂತ ಯಾಕ ಅಂದ್ರಿ?"

"ನಂದು ಅಂದ್ರ ಕುರುಡ ಮುದುಕ ಅಂತ ಬಿಡ್ತಾರ. ನಿಂದು ಅಂದಿದ್ರ ನೀ ನಾಚಿ ನಾಳಿಂದ ನಮ್ಮ ಮನಿ ಕಡಿ ಬರ್ತಿದ್ದಿಲ್ಲ. ಆಮ್ಯಾಲ ನನಗ ನಂಬರ್ ಯಾರು ಬರಕೊಡ್ತಾರ, ನಿಮ್ಮಪ್ಪ?"

ನಾನು ಅಳುತ್ತಲೇ ನಕ್ಕೆ. ಮುಂದಿನ ಸೀಟಿನ ಅಜ್ಜಿ ತಿರುಗಿ ನೋಡಿ, ಅಪ್ಪ ಮಗಳೆಂದುಕೊಂಡಳೋ ಏನೋ, ಮತ್ತೆ ಮುಂದಕ್ಕೆ ತಿರುಗಿದಳು. ಅಂದಿನಿಂದ ಕಪ್ಪುಹಲಗೆಯ ಮೇಲೆ ನನ್ನ ಲೆಕ್ಕ ತಪ್ಪಿದರೆ ತಿರುಗಿ ನಿಂತು, "ತಪ್ಪು ನನ್ನದು" ಎಂದು ಮಕ್ಕಳಿಗೆ ಹೇಳಿಯೇ ಅಳಿಸುತ್ತೇನೆ. ಅವರು ನನಗೆ ಕಲಿಸಿದ ಡ್ರಾಯಿಂಗ್ ಇಷ್ಟೇ, ಇದಕ್ಕೆ ನಾನು ಬದುಕಿಡೀ ಋಣಿ.

ಎರಡು ತಿಂಗಳ ಮೇಲೆ ಚಿಂತಾಕಿಯ ಆ ಮಗಳು ಹಸಿರು ಕಡಲೆಯ ಗಂಟು ಹೊತ್ತು ಬಂದರು. ಸರ್ ಮುಂದೆ ಕುಳಿತು ತಡವರಿಸುತ್ತ ಕೇಳಿದರು: "ಸರ್, ಆ ಬಿಳಿ ಹಲಗಿ ಪೂರಾ ತೆಗೆದುಬಿಟ್ರ ನಡೀತದೇನ್ರಿ? ಎರಡೂ ಕಡಿ ಕಾಣಂಗ ತೂಗಬಿಡ್ತೀನಿ."

"ನಡೀತದ. ಯಾಕ?"

"ನಾ ಸಣ್ಣಾಕಿ ಇದ್ದಾಗ ಅವ್ವ ದಿನಾ ಹಿಂದ ಕುಂತು ನನ್ನ ತಲಿ ಹಿಕ್ಕುತಿದ್ಲರಿ. ಮುಂದ ಕನ್ನಡಿ ಇರ್ತಿತ್ತು. ನಾ ಆಕಿ ಮುಖ ಹೆಚ್ಚು ನೋಡಿದ್ದು ಕನ್ನಡಿಯೊಳಗ. ಅವತ್ತ ನೀವು ಮೊದಲ ತೋರ್ಸಿದ್ರಲ್ಲ, ಆ ಅವ್ವನೂ ನಮ್ಮವ್ವನೇ ರಿ. ನನಗ ತಡಾ ಆಗಿ ಗೊತ್ತಾಯ್ತು."

ಸರ್ ಕಡಲೆಯ ಗಂಟನ್ನು ಮಡಿಲಿಗೆ ಎಳೆದುಕೊಂಡರು. ಆಕೆ ಹೋದ ಮೇಲೆ ಕಡಲೆ ಸುಲಿಯುತ್ತ ಅಂದರು: "ಇಷ್ಟು ವರ್ಷ ಹೋಲಬೇಕು ಹೋಲಬೇಕು ಅಂತ ಬಡಕೊಂಡೆ. ಯಾರ ಕಣ್ಣಿಗಿ ಅಂತ ಒಮ್ಮಿನೂ ಕೇಳಲಿಲ್ಲ ನೋಡು."

ಅಲ್ಲಿಂದ ಮುಂದೆ ಯಾರು ಚಿತ್ರ ಕೇಳಲು ಬಂದರೂ ಅವರು ಮೊದಲು ಕೇಳುತ್ತಿದ್ದದ್ದು, "ಯಾವ ಕಡಿ ನೋಡಿ ರೂಢಿ ನಿಮಗ?" ಬಹಳ ಜನ ಗಲಿಬಿಲಿಗೊಳ್ಳುತ್ತಿದ್ದರು. ಬೀದರಿನ ಒಬ್ಬ ಕಿರಾಣಿ ಅಂಗಡಿಯವರು ಮಾತ್ರ ಯೋಚಿಸಿ, ತೀರಿಹೋದ ಹೆಂಡತಿಯನ್ನು ತಾವು ಸ್ಕೂಟರಿನ ಕನ್ನಡಿಯಲ್ಲೇ ಹೆಚ್ಚು ನೋಡಿದ್ದಾಗಿ ಹೇಳಿ, ಗಿರಾಕಿಗಳೆದುರು ನಗುವಂತೆ ಗಟ್ಟಿಯಾಗಿ ನಗಲು ಹೋಗಿ ಅತ್ತರು. ಸರ್ ಕೊನೆಯ ವಾರದವರೆಗೂ ದಾರ ಸುತ್ತಿದರು. ಗೋಡೆಯ ಕಡೆ ಮುಖ ಮಾಡಿ ಮತ್ತೊಮ್ಮೆ ಕೂರಲಿಲ್ಲ.

ಸಭೆಯ ಮರುದಿನ ನಾನು ಕಾಕು ಹತ್ತಿರ ಹೋದೆ. ಸರ್ ಅವರದೇ ಫೋಟೋ ಹಾಕಿ ನಂಬರ್ ತೆಗೆದಿದ್ದೆ, ಬಲಕ್ಕೆ ಎಣಿಸಿ ಎದುರಿನ ಮುಖಕ್ಕೊಂದು ಪಟ್ಟಿ, ಎಡಕ್ಕೆ ಎಣಿಸಿ ಕನ್ನಡಿಯ ಮುಖಕ್ಕೊಂದು ಪಟ್ಟಿ. ಎರಡನ್ನೂ ಮುಂದಿಟ್ಟು, ಸರ್ ಕೇಳುತ್ತಿದ್ದಂತೆಯೇ ಕೇಳಿದೆ: "ಕಾಕು, ಯಾವ ಕಡಿ ನೋಡಿ ರೂಢಿ ನಿಮಗ?"

ಕಾಕು ಯೋಚಿಸಲೇ ಇಲ್ಲ.

"ಕನ್ನಡಿದು ಬ್ಯಾಡವ್ವ. ಅವರ ಕಣ್ಣು ಹೋದ ಮ್ಯಾಲ ದಿನಾ ಮುಂಜಾನಿ ಎದುರಿಗಿ ಕುಂತು ಅವರ ದಾಡಿ ಮಾಡ್ದಾಕಿ ನಾ. ಮೊದಲೆಲ್ಲ ಮುಖ ಎತ್ತಿ ಅವರನ್ನ ನೋಡಕ್ಕ ನಾಚ್ಕಿ ಬರ್ತಿತ್ತು. ನಾ ನೋಡೋದು ಅವರಿಗಿ ಕಾಣಂಗಿಲ್ಲ ಅಂದ ಮ್ಯಾಲ ಕಣ್ತುಂಬ ನೋಡೀನಿ. ಎದುರಿಂದೇ ಹಾಕು."

ಕನ್ನಡಕ ಏರಿಸಿಕೊಂಡು ಆ ಪಟ್ಟಿ ಕೈಗೆ ತೆಗೆದುಕೊಂಡರು. "ಓದ್ಲಾ?"

ನಾನು ಒಂದನೆಯ ಮೊಳೆಗೆ ದಾರ ಕಟ್ಟಿದೆ.